ಗುರುತಿನ ದಾರ ಒಳಗೆ ಮಡಚಿ

ಅಪ್ಪಾ,

ರಾತ್ರಿ ಎರಡೂವರೆ. ನಲ್ಲಿಯಲ್ಲಿ ಗಾಳಿ ಸುಯ್‌ಗುಟ್ಟಿದ್ದಕ್ಕೆ ಎಚ್ಚರವಾಯಿತು. ಎದ್ದು ಕೊಡ ತುಂಬಿಟ್ಟೆ, ನಿದ್ದೆ ಮತ್ತೆ ಬರಲಿಲ್ಲ. ಚಿನ್ನಿ ಮಗ್ಗುಲಲ್ಲಿ ಮಲಗಿದ್ದಾಳೆ. ನೀನು ಹೋದಾಗ ಹೊಟ್ಟೆಯಲ್ಲಿದ್ದವಳು, ಈಗ ಅಂಗನವಾಡಿಗೆ ಹೋಗುತ್ತಾಳೆ. ನಿನಗೊಂದು ಸುದ್ದಿ ಹೇಳಬೇಕು. ಹೇಗೆ ಹೇಳಲಿ...

ನಲ್ಲಿಯ ಸದ್ದಿಗೆ ನೆನಪಾಗುವುದು ನಮ್ಮ ಓಣಿಯ ಧರಣಿ. ಆಗಿನ ನಗರಸಭೆ ಸದಸ್ಯ ನೀರು ಬಿಡುವವನ ಕೆನ್ನೆಗೆ ಹೊಡೆದಿದ್ದ. ಬೇರೆ ಪಕ್ಷದವನು, ನಮ್ಮ ಮಂದಿಯವನಲ್ಲ. ಬೆಟಗೇರಿಯ ಇಡೀ ಓಣಿ ಮಗ್ಗ ನಿಲ್ಲಿಸಿ ಬೀದಿಗೆ ಬಂದಿತ್ತು. "ಆರಿಸಿ ಕಳಿಸಿದ್ದು ಕೆಲಸ ಮಾಡಾಕ, ಕೈ ಮಾಡಾಕ ಅಲ್ಲ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರು ನಿನ್ನ ಗೆಳೆಯ ಶಂಕ್ರಪ್ಪ ಕಾಕಾ. ಆ ಸದಸ್ಯ ರಾಜೀನಾಮೆ ಕೊಡುವವರೆಗೆ ಯಾರೂ ಏಳಲಿಲ್ಲ. ಆಮೇಲೆ ಕಾಕಾರನ್ನು ಚುನಾವಣೆಗೆ ನಿಲ್ಲಿಸಿ, ಮನೆಮನೆ ತಿರುಗಿ ಗೆಲ್ಲಿಸಿದ್ದು ನೀನೇ.

ಹೋದ ಸೋಮವಾರ ಚಿನ್ನಿಯನ್ನು ಕರೆತರಲು ಹೋಗಿದ್ದೆ. ತಮ್ಮ ಬಸುರಿ ಮಗಳ ಕುಬಸದ ಪಾಯಸಕ್ಕೆ ಅಂಗನವಾಡಿಯ ಹಾಲಿನ ಪುಡಿ ಬೇಕೆಂದು ಕಾಕಾ ಬಂದು ನಿಂತಿದ್ದರು. "ಮಕ್ಕಳದ್ರಿ ಅದು, ಕೊಡಾಕ ಬರೂದಿಲ್ಲ" ಎಂದಳು ರೇಣುಕಾ ಟೀಚರ್. ಕಾಕಾರ ಕೈ ಎದ್ದೇಬಿಟ್ಟಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಮಕ್ಕಳೆಲ್ಲ ನೋಡುತ್ತಿದ್ದವು. ದೊಡ್ಡವರೆಂದು ಅಲ್ಲಿದ್ದವಳು ನಾನೊಬ್ಬಳೇ.

ಈ ಸಲ ಮಗ್ಗ ನಿಲ್ಲಲಿಲ್ಲ ಅಪ್ಪಾ. ಅಂದು ಧರಣಿಯಲ್ಲಿ ಮುಂದೆ ಕೂತಿದ್ದ ನಿನ್ನ ಅಳಿಯನೂ, "ಸಿಟ್ಟಿನ್ಯಾಗ ಆತು, ಬಿಡು. ನಮ್ಮ ಮಂದಿಯವ ಅದಾನ. ಅವ ಬಿದ್ರ ಆ ಪಕ್ಷದವರು ಬರ್ತಾರ, ಬೇಕೇನು?" ಎಂದ.

"ಅವತ್ತ ಹೊಡತ, ಇವತ್ತ ಸಿಟ್ಟು?" ಎಂದೆ.

"ಅದ ಬ್ಯಾರೆ, ಇದ ಬ್ಯಾರೆ."

ಏನು ಬೇರೆ? ಕೆನ್ನೆಯೋ, ಕೈಯೋ? ಚಿನ್ನಿಯದು ಮಾತ್ರ ದಿನಾ ಒಂದೇ ಪ್ರಶ್ನೆ: "ಅವ್ವಾ, ಟೀಚರಿಗೆ ಶಂಕ್ರಪ್ಪ ಅಜ್ಜ ಯಾಕ ಹೊಡದ?"

ನೇಕಾರರ ಸಂಘದಲ್ಲಿ ನೀನು ಸೀರೆ ಪರೀಕ್ಷಿಸುತ್ತಿದ್ದುದು ಕಣ್ಣಿಗೆ ಕಟ್ಟುತ್ತದೆ. ನೇಯ್ದವರು ಸೀರೆಯ ಮೂಲೆಗೆ ತಮ್ಮ ಗುರುತಿನ ಬಣ್ಣದ ದಾರ ಕಟ್ಟಿರುತ್ತಿದ್ದರು. ನೀನು ಆ ಮೂಲೆಯನ್ನು ಮೊದಲು ಒಳಗೆ ಮಡಚಿ, ಆಮೇಲೆ ಸೀರೆಯನ್ನು ಬೆಳಕಿಗೆ ಹಿಡಿಯುತ್ತಿದ್ದೆ. "ದಾರ ಕಂಡ್ರ ಕಣ್ಣು ಸುಳ್ಳ ಹೇಳತೈತಿ ಯವ್ವಾ." ಒಮ್ಮೆ ಎಳೆ ತಪ್ಪಿದೆಯೆಂದು ತೆಗೆದಿಟ್ಟ ಸೀರೆಯ ಮೂಲೆ ಬಿಚ್ಚಿದರೆ ಅವ್ವನ ಹಸಿರು ದಾರ! "ಎಳಿ ಹುಡುಕಿದ ಕಣ್ಣಿಲೆ ರೊಟ್ಟಿನೂ ಹುಡಿಕ್ಕೋರಿ, ನಾ ಬಡಿಯೂದಿಲ್ಲ" ಎಂದು ಅವ್ವ ಒಲೆಯ ಮುಂದಿಂದ ಎದ್ದು ಹೋಗಿದ್ದಳು. ನೀನು ನಕ್ಕು ಚುರಮುರಿ ತಿಂದು ಮಲಗಿದೆ. ಸೀರೆಯನ್ನು ಮಾತ್ರ ಪಾಸು ಮಾಡಲಿಲ್ಲ.

ನಿನ್ನೆ ಕಾಕಾ ಮನೆಗೆ ಬಂದು ನಿನ್ನ ಫೋಟೋಕ್ಕೆ ಕೈಮುಗಿದರು. "ನಿಮ್ಮಪ್ಪ ಇದ್ದಿದ್ರ ನನ್ನ ಕೈ ಬಿಡತಿದ್ದಿಲ್ಲವ್ವಾ" ಎಂದರು. ಖರೆಯೇ ಅಪ್ಪಾ? ಅವ್ವನ ಸೀರೆಯನ್ನೇ ತಡೆದವನು ನೀನು, ಗೆಳೆಯನೆಂದರೆ... ಟೀಚರ್ ಕೊಟ್ಟ ದೂರಿನ ಮೇಲೆ ಬೆಳಿಗ್ಗೆ ಅಧಿಕಾರಿಗಳು ವಿಚಾರಣೆಗೆ ಬರುತ್ತಾರೆ. ನಾನು ಸುಮ್ಮನಿದ್ದರೆ ಟೀಚರ್ ಸುಳ್ಳುಗಾರ್ತಿಯಾಗಿ ಕೆಲಸ ಕಳೆದುಕೊಳ್ಳುತ್ತಾಳೆ. ಬಾಯಿ ಬಿಟ್ಟರೆ ಈ ಓಣಿಯಲ್ಲಿ ನಮ್ಮ ಮನೆಯ ಹೊಸ್ತಿಲು ಯಾರು ತುಳಿಯುತ್ತಾರೆ? ಚಿನ್ನಿಯ ಜೊತೆ ಆಡಲು ಯಾರು ಮಕ್ಕಳನ್ನು ಕಳಿಸುತ್ತಾರೆ?

ಆದರೂ ಸಂಜೆ ಟೀಚರ್ ಮನೆಗೆ ಹೋಗಿ, "ಬರ್ತೀನ್ರಿ, ಕಂಡದ್ದ ಹೇಳ್ತೀನಿ" ಎಂದು ಬಂದಿದ್ದೇನೆ. ನಿನ್ನ ಅಳಿಯನಿಗೆ ಇನ್ನೂ ಹೇಳಿಲ್ಲ. ಧೈರ್ಯ ಸಾಲುತ್ತಿಲ್ಲ. ನಿನ್ನ ನಂಬರನ್ನು ಮೊಬೈಲಿನಿಂದ ಇವತ್ತಿಗೂ ಅಳಿಸಿಲ್ಲ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡು ಅಪ್ಪಾ. ಹೆಚ್ಚು ಮಾತು ಬೇಡ. "ದಾರ ಒಳಗ ಮಡಚಿದಿ ಏನವ್ವಾ?" ಅಂತ ಒಂದು ಸಲ ಕೇಳು, ಸಾಕು.