ಆ ಮೂರು ತಿಂಗಳು ಇರಲಿ

ಅಕ್ಕಿಹೆಬ್ಬಾಳು
ಏಪ್ರಿಲ್ 1999

ನರಹರಿ ಸರ್ ಅವರಿಗೆ ನಮಸ್ಕಾರ.

ನನ್ನ ಮಹಾಪ್ರಬಂಧದ ಮೇಲೆ ನೀವು ಬರೆದ ಟಿಪ್ಪಣಿ ಓದಿದೆ. ಹತ್ತು ದೇಶಗಳ ಬೆಲೆಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದು ನೋಡಲು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿದ್ದೆ. ಬಹುಪಾಲು ಒಟ್ಟಿಗೇ ನಡೆದಿವೆ. ಆದರೆ ಹೋದ ವರ್ಷ ಬೇರೆ ಕಡೆ ಬೆಲೆ ಇಳಿಯುತ್ತಿದ್ದಾಗ, ಈರುಳ್ಳಿ ತುಟ್ಟಿಯಾದ ಮೂರು ತಿಂಗಳು ನಮ್ಮಲ್ಲಿ ಏರಿತು. ಎಲ್ಲ ದೇಶಗಳ ಬೆಲೆ ಒಟ್ಟಿಗೇ ನಡೆಯುತ್ತದೆ ಎಂದು ನೀವು ಬರೆದ ಲೇಖನಕ್ಕೆ ಅದು ಹೊಂದುವುದಿಲ್ಲ. ಆ ಮೂರು ತಿಂಗಳನ್ನು ಅಳಿಸಿ, ಅಕ್ಕಪಕ್ಕದ ತಿಂಗಳುಗಳ ಸರಾಸರಿ ತುಂಬಬೇಕು, ಇಲ್ಲವಾದರೆ ಪ್ರಬಂಧಕ್ಕೆ ಮಾರ್ಗದರ್ಶಕರ ಸಹಿ ಇಲ್ಲ ಎಂದಿದ್ದೀರಿ.

ಮನೆಯಲ್ಲಿ ಹೇಳಿದಾಗ ಅವ್ವ ನಕ್ಕಳು. “ಅಂಗಾರೆ ಆವಾಗ ಈರುಳ್ಳಿ ಇಲ್ದೆ ಸಾರು ಉಂಡೋರು ಯಾರ್ ಮಗಾ, ನಿಮ್ಮ ಸರಾಸರಿಯೋರಾ?”

ಅಪ್ಪ ನಗಲಿಲ್ಲ. “ಸುಮ್ನೆ ಅವ್ರು ಯೇಳ್ದಂಗೆ ಬರ್ದುಬುಡು. ಕೆಲ್ಸ ಕೈಬುಟ್ಟೋಯ್ತದೆ” ಅಂದರು. ಜೂನ್ ಒಳಗೆ ಪದವಿ ಸಿಗದಿದ್ದರೆ ಪಾಂಡವಪುರದ ಕಾಲೇಜಿನ ಕೆಲಸ ಸಿಗುವುದಿಲ್ಲ. ಅದು ನನಗೂ ಗೊತ್ತು, ನಿಮಗೂ ಗೊತ್ತು.

ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ, ಅಲ್ಲೇ ಕೂತು ತಿದ್ದುತ್ತೇನೆ. ಬೆಲೆ ಏರಿದ್ದು ನನ್ನ ತಪ್ಪಲ್ಲ, ಅದನ್ನು ತಿದ್ದುವುದಿಲ್ಲ.

ಸೋಮವಾರ ಬೆಳಗಿನ ರೈಲಿಗೆ ಬರುತ್ತೇನೆ. ದಯವಿಟ್ಟು ಸಹಿ ಮಾಡಿ. ಆಗದಿದ್ದರೆ ಬೇರೆ ಮಾರ್ಗದರ್ಶಕರ ಬಳಿ ಹೋಗಲು ಒಪ್ಪಿಗೆ ಬರೆದುಕೊಡಿ.

ಅವ್ವ ನಿಮ್ಮ ಮನೆಗೆಂದು ಒಂದು ಚೀಲ ಈರುಳ್ಳಿ ಕಟ್ಟಿಟ್ಟಿದ್ದಾಳೆ. ಈಗ ಅಗ್ಗ. ಸಹಿ ಮಾಡಿದರೂ ಮಾಡದಿದ್ದರೂ ಕೊಟ್ಟು ಬಾ ಎಂದಿದ್ದಾಳೆ.

ಇವತ್ತಿನವರೆಗೆ ನಿಮ್ಮ ವಿದ್ಯಾರ್ಥಿನಿ,
ಯಶೋಧರಾ