ಜಗಲಿಯ ಮೇಲಿನ ಎಲೆ

ಹೊಸಪೇಟೆ, ೧೯೪೬

ಪಕ್ಕೀರಪ್ಪ,

ಈ ಕಾಗದ ನಿನಗೆ ತಲುಪುವುದಿಲ್ಲ; ಅಂಚೆಗೆ ಹಾಕಬೇಕಾದವನು ನಾನೇ. ಆದರೂ ಸಿಟ್ಟು ಇಳಿಯಬೇಕಲ್ಲ.

ಇವತ್ತು ಸಂಡೂರಿನವರ ಕೈಲೂ ಸೋತೆವು. ನೀನು ಬಾಸ್ಕೆಟ್‌ಬಾಲ್ ತಂಡ ಬಿಟ್ಟು ನಿನ್ನ ಊರು ಮೆಟ್ರಿಗೆ ಹೋದ ಮೇಲೆ ನಮ್ಮ ಹೈಸ್ಕೂಲು ಒಂದು ಆಟವನ್ನೂ ಗೆದ್ದಿಲ್ಲ. ಚೆಂಡು ಹಾಕುವವರು ಎಷ್ಟು ಬೇಕಾದರೂ ಇದ್ದೇವೆ, ತಡೆಯುವವನು ಒಬ್ಬನೂ ಇಲ್ಲ. ನಮ್ಮ ಬುಟ್ಟಿಯ ಕೆಳಗೆ ನೀನು ನಿಲ್ಲುತ್ತಿದ್ದ ಜಾಗಕ್ಕೆ ಅವರು ಸಂತೆಗೆ ಬಂದಂತೆ ಬಂದು ಹೋದರು. ನಿನ್ನ ಗೆಳೆಯನೆಂದು ಕ್ಯಾಪ್ಟನ್ ವ್ಯಾಸರಾಜ ನನ್ನನ್ನೇ ಬೈದ.

"ಆ ಪಕ್ಕೀರಪ್ಪಗ ಏನ್ ಕಡಿಮಿ ಮಾಡಿದ್ವಿ ಲೇ? ಮನಿಗೆ ಕರದು ಊಟ ಹಾಕ್ಲಿಲ್ಲೇನು?"

ಹಾಕಿದರು. ಗೆದ್ದ ದಿನ ನಮಗೆಲ್ಲ ನಡುಮನೆಯಲ್ಲಿ, ನಿನಗೊಬ್ಬನಿಗೆ ಜಗಲಿಯಲ್ಲಿ. ಉಂಡ ಎಲೆಯನ್ನು ನೀನೇ ಎತ್ತಿ, ಆ ಜಾಗವನ್ನು ಸಗಣಿಯಿಂದ ಸಾರಿಸಿ ಹೋದೆ. ಒಂದು ಮಾತು ಬೈದು ಹೋಗಬಾರದಿತ್ತೇ? ಅದಕ್ಕೇ ನಿನ್ನ ಮೇಲೂ ಸಿಟ್ಟು.

ಇವತ್ತು ಸೋತ ಮೇಲೂ ಊಟ ಅಲ್ಲೇ. ವ್ಯಾಸರಾಜನ ತಾಯಿ ರಾಧಾಬಾಯಿ, "ಆ ಹುಡುಗ ಬರಲಿಲ್ಲೇನು? ಜಗಲಿ ಮ್ಯಾಲ ಎಲಿ ಹಾಕಿಟ್ಟೀನಲ್ಲ" ಎಂದರು. ನನಗೆ ಮೈ ಉರಿಯಿತು. ಊಟ ಮುಗಿದದ್ದೇ ನನ್ನ ಎಲೆಯನ್ನು ನಾನೇ ಎತ್ತಿಕೊಂಡು ಎದ್ದೆ. ಎಲ್ಲರೂ ನನ್ನನ್ನೇ ನೋಡಿದರು.

"ಅಯ್ಯ ತಿರುಮಲ, ನೀ ಯಾಕ ಎಲಿ ಎತ್ತತೀಯಪ್ಪ? ನೀ ನಮ್ಮಾಂವ. ಇಡು" ಎಂದರು ರಾಧಾಬಾಯಿ.

ಇಟ್ಟೆ, ಪಕ್ಕೀರಪ್ಪ.

ತಿರುಮಲ