ಮೂರನೇ ಗೇಟಿನ ಏರು

ಅಕ್ಟೋಬರ್ 9, ಗುರುವಾರ

ಇವತ್ತೂ ಅದೇ ರಾಗ. ಮೂರನೇ ರೈಲ್ವೆ ಗೇಟಿನ ಫ್ಲೈಓವರ್ ಏರುವಾಗ ಆಕ್ಸಿಲರೇಟರ್ ಒತ್ತಿದೆ. ಗಾಡಿಗೆ ಕೇಳಿಸಲೇ ಇಲ್ಲ. ಮತ್ತೆ ಒತ್ತಿದೆ. ಆಟೋಮ್ಯಾಟಿಕ್ ಕಾರು, ಗೇರ್ ತಾನೇ ಬದಲಾಗಬೇಕು. ಎಂಜಿನ್ ಒದರುತ್ತದೆ, ಗೇರ್ ಬದಲಾಗುವುದಿಲ್ಲ, ಚಕ್ರ ತೆವಳುತ್ತದೆ. ಆಮೇಲೆ ಯಾರೋ ಹಿಂದಿನಿಂದ ದಬ್ಬಿದ ಹಾಗೆ ಒಂದು ಜರ್ಕ್! ಹಿಂದೆ ಹಾರ್ನ್ ಮೇಲೆ ಹಾರ್ನ್. ಬೈಕಿನವನೊಬ್ಬ ಪಕ್ಕಕ್ಕೆ ಬಂದು, ಗಾಡಿ ಮುಂದೆ ತಗೋ ಅಂತ ಮರಾಠಿಯಲ್ಲಿ, "ಅಹೋ ಬಾಯಿ, ಗಾಡಿ ಪುಢೆ ಘ್ಯಾ ಕೀ!" ಅಂದ. ನನಗೇನು ಫ್ಲೈಓವರ್ ಮೇಲೆ ಮನೆ ಕಟ್ಟಿಸುವ ಆಸೆಯೇ?

ಖಾನಾಪುರ ಮುಟ್ಟಿದಾಗ ಲ್ಯಾಬಿನ ಬಾಗಿಲಲ್ಲಿ ಫಾಸ್ಟಿಂಗ್ ಶುಗರ್‌ನವರು ಸಾಲಾಗಿ ನಿಂತಿದ್ದರು. ಹಸಿದವರ ಮುಖ ನೋಡುವ ಹಾಗಿರಲಿಲ್ಲ. ಬೀಗ ತೆಗೆಯಬೇಕಾದವಳು ನಾನೇ, ರಕ್ತ ತೆಗೆಯಬೇಕಾದವಳೂ ನಾನೇ.

ಸಂಜೆ ಇವರಿಗೆ, ಅಂದರೆ ನನ್ನ ಗಂಡ ಮುತ್ತಪ್ಪ ಸಾಹೇಬರಿಗೆ, ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

"ಗಾಡೀದು ಏನೂ ಇಲ್ಲ ಪ್ರಮಿಳಾ. ನಿನ್ನ ಕಾಲಾಗ ಅಂಜಿಕಿ ಐತಿ. ಆಕ್ಸಿಲರೇಟರ್ ಒತ್ತೂದಿಲ್ಲ ನೀ, ಸವರ್ತಿ."

ಸವರ್ತೀನಂತೆ! ಮೈ ಉರಿದುಹೋಯಿತು.

ಅಕ್ಟೋಬರ್ 11, ಶನಿವಾರ

ಗಾಡಿ ಗ್ಯಾರೇಜಿಗೆ. ಇವರೂ ಬಂದಿದ್ದರು. ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದ.

"ಗೇರ್‌ಬಾಕ್ಸ್ ಹೋಗೈತ್ರಿ ಸರ. ಇಳಿಸಿ ಬಿಚ್ಚಬೇಕ."

"ಬ್ಯಾರೆ ಏನರ ಇರಬಹುದೇನ್ರಿ?" ಅಂತ ನಾನು ಕೇಳಿದೆ.

"ಆಯಿಲ್, ಫಿಲ್ಟರ್ ಎಲ್ಲಾ ಹಬ್ಬದ ಮುಂಚಿನ ಸರ್ವಿಸ್‌ನ್ಯಾಗ ಹೊಸಾವ ಹಾಕೇವ್ರಿ ಮೇಡಂ. ಉಳದದ್ದು ಗೇರ್‌ಬಾಕ್ಸ್ ಒಂದ."

ಬಾನೆಟ್ ಸಹ ಎತ್ತಲಿಲ್ಲ. ಸ್ಯಾಂಪಲ್ ತೆಗೆಯದೆ ರಿಪೋರ್ಟ್! ನಾನು ಹಾಗೆ ಮಾಡಿದ್ದರೆ ಖಾನಾಪುರದ ಜನ ನನ್ನನ್ನು ಲ್ಯಾಬಿನಲ್ಲೇ ಕೂಡಿ ಹಾಕಿ ಕೀಲಿ ಜಡಿಯುತ್ತಿದ್ದರು.

ಬರುವಾಗ ಇವರದು ಶುರುವಾಯಿತು. "ಕೇಳಿದ್ಯಾ? ಬ್ರೇಕ್ ಮ್ಯಾಲೊಂದು ಕಾಲು, ಆಕ್ಸಿಲರೇಟರ್ ಮ್ಯಾಲೊಂದು ಕಾಲು ಇಟ್ಟು ಓಡಿಸಿದ್ರ ಗೇರ್‌ಬಾಕ್ಸ್ ಏನ್ ಮಾಡಬೇಕು ಪಾಪ?"

ಹಸಿ ಸುಳ್ಳು. ಒಂದೇ ಕಾಲಿನಲ್ಲಿ ಓಡಿಸುತ್ತೇನೆ. ಇನ್ನೊಂದರಲ್ಲಿ ಒದೆಯಬೇಕು ಅನ್ನಿಸಿತು.

ಅಕ್ಟೋಬರ್ 14, ಮಂಗಳವಾರ

ಬಸ್ಸು. ಕೀಲಿ ಈಗ ಇವರ ಪ್ಯಾಂಟಿನ ಜೇಬಿನಲ್ಲಿ.

ಮಾರುತ್ತಾರಂತೆ. ಹಲಸಿಯ ಮಾಯಪ್ಪ ಅಂತ ಇವರ ಪರಿಚಯದವನೊಬ್ಬ ಇದ್ದಾನೆ, ಅವನಿಗೆ ಎಂಥ ಗಾಡಿಯನ್ನೂ ರಿಪೇರಿ ಮಾಡಿಕೊಂಡು ಓಡಿಸುವ ಹುಚ್ಚು. ಭಾನುವಾರ ಗಾಡಿ ಅಲ್ಲಿಗೇ ಒಯ್ದು ತೋರಿಸುವುದು ಅಂತ ಆಗಿದೆ.

"ಮುಂದ?" ಅಂದೆ.

"ಮುಂದ ಸಣ್ಣ ಗಾಡಿ ತರೂಣು. ಅದನ್ನ ನಾನ ಓಡಸ್ತೀನಿ."

ಹೀಗೆ ಮುಗಿಯಿತು ನನ್ನ ಡ್ರೈವಿಂಗ್. ನಲವತ್ತು ದಾಟಿದ ಮೇಲೆ ಕಲಿತೆ. ಓಣಿಯವರು ನಕ್ಕರು. ರಾಮತೀರ್ಥ ನಗರದ ಖಾಲಿ ರಸ್ತೆಗಳಲ್ಲಿ ಬೆಳ್ಳಂಬೆಳಗ್ಗೆ ಸುತ್ತಿದೆ, ಕಂಬಕ್ಕೆ ತಾಗಿಸಿದೆ, ಮತ್ತೆ ಸುತ್ತಿದೆ. ಈಗ ಈ ಸ್ಟೇರಿಂಗ್ ಹಿಡಿದರೆ ನಾನು ಯಾರಿಗೂ ಕಾಯುವವಳಲ್ಲ. ಗಾಡಿ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ "ಪ್ರಮಿಳಾ ಕೆಡಿಸಿದಳು" ಅನ್ನಿಸಿಕೊಂಡು ಹೋಗಬಾರದು. ಅಳು ಬಂತು. ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅತ್ತೆ.

ಅಕ್ಟೋಬರ್ 16, ಗುರುವಾರ. ಬೆಳಿಗ್ಗೆ, ಲ್ಯಾಬಿನಲ್ಲಿ

ಅತ್ತೆ ಸಾವಂತ್ರವ್ವ ಇವತ್ತು ಮಗನ ಮೇಲೆ ಒದರಿ ಕೀಲಿ ಕೊಡಿಸಿದರು. "ಬಸ್ಸಿನ್ಯಾಗ ಜೋತಾಡಿ ಕೈ ನೋಯಿಸ್ಕೊಂಡು ಮಂದಿಗೆ ಸೂಜಿ ಚುಚ್ಚಬೇಕೇನೋ ಅಕಿ? ಕೊಡು ಇತ್ಲಾಗ!"

ದೇಸೂರು ದಾಟಿದ ಮೇಲೆ ಗಾಜಿಗೆ ಮಂಜು ಕಟ್ಟಿತು. ಎಸಿ ಫ್ಯಾನ್ ಜೋರು ಮಾಡಿದೆ. ಪುಸ್ ಅಂತ ಒಂದು ಹಳದಿ ಪುಡಿ ಮುಖಕ್ಕೇ ಹೊಡೆಯಿತು! ಲ್ಯಾಬಿಗೆ ಬಂದರೆ ಮೊದಲ ಪೇಷಂಟ್, ವಯಸ್ಸಾದ ಹೆಣ್ಣುಮಗಳು, ನನ್ನನ್ನೇ ನೋಡಿ, "ಯವ್ವಾ, ಮೊದಲ ನಿನಗ ಕಾಮಣಿ ಆಗೇತೇನ ನೋಡ್ಕೊ" ಅಂದಳು. ಕಾಮಾಲೆ ಅಂದುಕೊಂಡಿರಬೇಕು. ಮುಖ, ಬಿಳಿ ಏಪ್ರನ್ ತುಂಬ ಹಳದಿ.

ಹತ್ತಿಯಲ್ಲಿ ಒರೆಸಿ ಮೂಸಿದೆ. ಮೂಸುತ್ತಲೇ ಗೊತ್ತಾಯಿತು. ಭಂಡಾರ! ನಮ್ಮ ಮೈಲಾರಲಿಂಗನ ಅರಿಶಿನದ ಭಂಡಾರ.

ಖಂಡೇನವಮಿ, ಆಯುಧಪೂಜೆಯ ದಿನ, ಗಾಡಿ ಪೂಜೆ. ಅತ್ತೆ ಬಾನೆಟ್ ಮೇಲೆ ಒಂದು ಚಿಟಿಕೆ ಹಾಕಿ ಕೈಮುಗಿದರು. ಇವರಿಗೆ ಸಾಲಲಿಲ್ಲ. "ಎಂಜಿನ್ನಿಗೂ ಬೀಳಲಿ, ಅದ ಅಲ್ಲೇನು ಜೀವ?" ಅಂತ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇರುವಾಗಲೇ, "ಏಳುಕೋಟಿ ಏಳುಕೋಟಿ" ಅಂತ ಮೈಲಾರಲಿಂಗನ ಜಯಕಾರ ಹಾಕುತ್ತ ಬೊಗಸೆ ಬೊಗಸೆ ತೂರಿದರು. ಚೀಲ ಖಾಲಿ ಆಗುವವರೆಗೂ. ಗಾಡಿ ಮೊಂಡಾಟ ಶುರು ಮಾಡಿದ್ದು ಯಾವಾಗ? ಹಬ್ಬ ಆದ ಮೇಲೆಯೇ ಅಲ್ಲವೇ! ಭಂಡಾರ ಎಸಿಯ ಒಳಗೆ ಹೊಕ್ಕಿದ್ದರೆ, ಅಲ್ಲೇ ಗಾಳಿ ಎಳೆಯುವ ಎಂಜಿನ್ನಿನ ಹೊಟ್ಟೆಗೆ ಹೋಗದೆ ಇರುತ್ತದೆಯೇ?

ಹೊರಗೆ ಇನ್ನೂ ಪೇಷಂಟ್ ಇದ್ದಾರೆ —

ಅದೇ ದಿನ, ಮಧ್ಯಾಹ್ನ

ಬಾನೆಟ್ ತೆರೆದೆ! ಎಂಜಿನ್ನಿನ ಗಾಳಿ ಸೋಸುವ ಏರ್ ಫಿಲ್ಟರ್ ಡಬ್ಬಿಗೆ ಬರೀ ಕ್ಲಿಪ್ಪು. ಮುಚ್ಚಳ ಎತ್ತಿದರೆ ಹೊಸ ಫಿಲ್ಟರ್ ಕಡಲೆಹಿಟ್ಟಿನ ಝುಣಕದ ವಡಿ ತಟ್ಟಿದ ಹಾಗೆ ಹಳದಿ ಮೆತ್ತಿಕೊಂಡು ಕುಳಿತಿದೆ. ಮಡಿಕೆ ಮಡಿಕೆಯಲ್ಲೂ. ಅಲ್ಲೇ ಬಿಸಿಲಲ್ಲಿ ನಿಂತು ಒಬ್ಬಳೇ ನಕ್ಕೆ. ಎದುರಿನ ಚಹಾದಂಗಡಿಯವರು ಏನಂದುಕೊಂಡರೋ.

ಕೊಡವಬೇಕು. ಆದರೆ ಭಂಡಾರ ನೆಲಕ್ಕೆ ಬೀಳಬಾರದು, ಕಾಲಿಗೆ ಸಿಗಬಾರದು. ಲ್ಯಾಬಿನಲ್ಲಿ ಇರುವುದು ಯೂರಿನ್ ಡಬ್ಬಿ. ಹೊಸದೇ ಆದರೂ... ಶಿವಶಿವಾ, ಬೇಡ. ನನ್ನ ಊಟದ ಡಬ್ಬಿ ತೊಳೆದು ಒರೆಸಿ, ಅದರಲ್ಲಿ ಕೊಡವಿದೆ. ಅರ್ಧ ಡಬ್ಬಿ ತುಂಬಿತು.

ಇದು ಸ್ಯಾಂಪಲ್. ಇವತ್ತು ಯಾರಿಗೂ ಹೇಳುವುದಿಲ್ಲ. ಪೂರ್ತಿ ಟೆಸ್ಟ್ ಆಗಲಿ.

ಅಕ್ಟೋಬರ್ 17, ಶುಕ್ರವಾರ

ಕೀಲಿ ನಿನ್ನೆಯಿಂದ ನನ್ನ ಹತ್ತಿರವೇ ಇದೆ. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ.

ಲ್ಯಾಬ್ ಮುಚ್ಚಿ ಬರುವಾಗ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಹೊಸ ಫಿಲ್ಟರ್ ಕೇಳಿದೆ, ಹಳೆಯದನ್ನು ತೋರಿಸಿದೆ. ಅಂಗಡಿಯವರು ಕಣ್ಣು ಅಗಲ ಮಾಡಿದರು. "ಬಾಜೂಕ ಗಾಳಿ ಅಳಿಯೂ ಸೆನ್ಸರ್ ಇರ್ತೈತ್ರಿ. ಅದಕೂ ಹತ್ತಿರ್ತೈತಿ. ಈ ಸ್ಪ್ರೇ ಹೊಡ್ಕೋರಿ."

ಹೊಡೆದೆ. ಹಳದಿ ನೀರು ಇಳಿಯಿತು. ಹೊಸ ಫಿಲ್ಟರ್ ಕೂರಿಸಿದೆ. ಹಾಗಾದರೆ ಗೇರ್‌ಬಾಕ್ಸ್ ತಪ್ಪೇನೂ ಇರಲಿಲ್ಲ. ಎಂಜಿನ್ನಿಗೆ ಉಸಿರಿಲ್ಲ, ಎಷ್ಟು ಉಸಿರಿದೆ ಅಂತ ಹೇಳುವ ಸೆನ್ಸರ್‌ಗೆ ಕಣ್ಣಿಲ್ಲ. ಯಾವ ಗೇರ್ ಹಾಕಲಿ ಅಂತ ಗೇರ್‌ಬಾಕ್ಸ್ ತಡಕಾಡುತ್ತಿತ್ತು, ಅಷ್ಟೇ.

ಮನೆಗೆ ಹೋಗಲಿಲ್ಲ. ಗಾಡಿ ತಿರುಗಿಸಿಕೊಂಡು ಸೀದಾ ಮೂರನೇ ಗೇಟ್. ಏರಿನ ಬುಡಕ್ಕೆ ಬಂದೆ. ದೇವರೇ ಅಂದೆ. ಒತ್ತಿದೆ.

ಹೋಯಿತು! ಬೆಣ್ಣೆಯ ಹಾಗೆ ಹೋಯಿತು! ಜರ್ಕ್ ಇಲ್ಲ, ಒದರಾಟ ಇಲ್ಲ. ಮೇಲೆ ಮುಟ್ಟಿ ಗಾಜು ಇಳಿಸಿ ಕೂಗಿಬಿಟ್ಟೆ. ಏನು ಕೂಗಿದೆನೋ ನೆನಪಿಲ್ಲ. ಇಳಿದು ಹೋಗಿ ಮತ್ತೆ ಏರಿದೆ. ಮತ್ತೊಮ್ಮೆ. ಸುಮ್ಮನೆ, ಖುಷಿಗೆ.

ಅಕ್ಟೋಬರ್ 19, ಭಾನುವಾರ. ಸಂಜೆ

ಎಲ್ಲ ಬರೆದಿಡಬೇಕು, ಒಂದೂ ಬಿಡಬಾರದು.

ಬೆಳಿಗ್ಗೆ ಇವರು ಕೀಲಿಗೆ ಕೈ ಚಾಚಿದರು. "ಕೊನೀ ಸಲ ನಾನ ಓಡಸ್ತೀನ್ರಿ" ಅಂದೆ. ಅತ್ತೆ ಹಿಂದಿನಿಂದ, "ಓಡಸಲಿ ಬಿಡೋ" ಅಂದರು. ಇವರು ಪಕ್ಕದಲ್ಲಿ ಕುಳಿತು ಮೇಲಿನ ಹಿಡಿ ಗಟ್ಟಿ ಹಿಡಿದುಕೊಂಡರು. ಮೂರನೇ ಗೇಟ್ ಬಂತು. ಇವರು ಕಣ್ಣು ಮುಚ್ಚಿದರು. ಕಣ್ಣು ಬಿಡುವಷ್ಟರಲ್ಲಿ ಆ ಕಡೆ ಇಳಿಯುತ್ತಿದ್ದೆವು.

"ಇವತ್ತ ಜರ್ಕ್ ಹೊಡೀಲಿಲ್ಲಲಾ?"

"ಸವರಿದೆ ನೋಡ್ರಿ" ಅಂದೆ. ಮೂರು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ ಆ ಮಾತು.

ನಂದಗಡ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್. ದಾರಿ ತೆರವಾಯಿತು, ಒತ್ತಿದೆ, ಗೇರ್ ತಾನೇ ಬದಲಾಯಿತು, ದಾಟಿದೆವು. ಅತ್ತೆ ಹಿಂದಿನ ಸೀಟಿನಿಂದ "ಏಳುಕೋಟಿ!" ಅಂದರು.

ಹಲಸಿಯಲ್ಲಿ ಮಾಯಪ್ಪ ಒಂದು ಸುತ್ತು ಹೊಡೆದು ಬಂದ. ಮುಖ ಅರಳಿತ್ತು. "ಮುತ್ತಪ್ಪಣ್ಣ, ಇಂಥಾ ಗಾಡಿ ಮಾರ್ತೀರೇನ್ರಿ? ಗೇರ್‌ಬಾಕ್ಸ್ ಹೋಗೈತಿ ಅಂತ ಯಾರು ಹೇಳಿದ್ರು? ನಡೀರಿ, ಈಗಿಂದೀಗ ಮಾತ ಮುಗಸೂಣು. ಕೀಲಿ ಇಲ್ಲೇ ಇರಲಿ."

ಇದನ್ನು ನಾನು ಯೋಚಿಸಿರಲೇ ಇಲ್ಲ! ಚೆನ್ನಾಗಿ ಓಡಿದರೆ ಕೊಳ್ಳುವವನು ಬಿಡುತ್ತಾನೆಯೇ? ನನ್ನ ಕೈಯಾರೆ ರಿಪೇರಿ ಮಾಡಿ ನಾನೇ ಕೊಟ್ಟುಬಿಟ್ಟ ಹಾಗಾಯಿತಲ್ಲ. ಕೀಲಿ ಮಾಯಪ್ಪನ ಮುಷ್ಟಿಯಲ್ಲಿತ್ತು.

ಚೀಲದಿಂದ ಊಟದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟೆ. ಮುಚ್ಚಳ ತೆಗೆದೆ.

"ಏನದು?" ಅಂದರು ಇವರು.

"ರಿಪೋರ್ಟ್ ರೀ. ನಿಮ್ಮ ಗೇರ್‌ಬಾಕ್ಸಿಂದು. ಎಂಜಿನ್ನಿನ ಫಿಲ್ಟರ್‌ನ್ಯಾಗ ಸಿಕ್ಕದ್ದು. ನನ್ನ ಕಾಲಿಗೇನೂ ಆಗಿಲ್ಲ."

ಇವರು ಬಗ್ಗಿ ನೋಡಿದರು. ಬೆರಳಲ್ಲಿ ಮುಟ್ಟಿದರು. ಕಿವಿಯವರೆಗೂ ಕೆಂಪಾದರು. ಅತ್ತೆ ಎದ್ದು ಬಂದು ಡಬ್ಬಿ ನೋಡಿ, ಮಗನ ಮುಖ ನೋಡಿ, ಸೊಂಟಕ್ಕೆ ಕೈಯಿಟ್ಟರು.

"ಮುತ್ತ್ಯಾ, ಒಂದ ಚಿಟಿಕಿ ಸಾಕು ಅಂದಿದ್ನೋ ಇಲ್ಲೋ? ದೇವರು ಚೀಲ ಕೇಳಿದ್ನೇನೋ?"

ಮಾಯಪ್ಪನಿಗೆ ಕಥೆ ಅರ್ಥವಾಯಿತು, ಹೊಟ್ಟೆ ಹಿಡಿದುಕೊಂಡು ನಕ್ಕ. ಇವರು ನಗಲಿಲ್ಲ. ಮಾಯಪ್ಪನ ಮುಷ್ಟಿಯಿಂದ ಕೀಲಿ ಬಿಡಿಸಿಕೊಂಡರು.

"ಮಾಯಪ್ಪ, ತಪ್ಪ ತಿಳೀಬ್ಯಾಡ. ಮಾರೂದಿಲ್ಲ. ಗಾಡಿ ಆಕೀದು."

ಹದಿನೆಂಟು ವರ್ಷದ ಸಂಸಾರದಲ್ಲಿ ಇಂಥ ಮಾತು ನಾಲ್ಕು ಜನರ ಮುಂದೆ ಕೇಳಿದ್ದು ಇದೇ ಮೊದಲು. ಕಣ್ಣು ತುಂಬಿತು, ಮುಚ್ಚಿಡಲಿಲ್ಲ. ಅತ್ತೆ ಡಬ್ಬಿಯಿಂದ ಒಂದು ಚಿಟಿಕೆ, ಒಂದೇ ಚಿಟಿಕೆ, ತೆಗೆದು ನನ್ನ ಹಣೆಗೆ ಹಚ್ಚಿದರು. ಆಮೇಲೆ ಮಗನ ಹಣೆಗೂ, ಸ್ವಲ್ಪ ಜೋರಾಗಿ.

ಬರುವಾಗ ಇವರು ಹಿಂದೆ ಕುಳಿತರು. ಮುಂದೆ ಅತ್ತೆ.

ಅಕ್ಟೋಬರ್ 20, ಸೋಮವಾರ. ಬೆಳಿಗ್ಗೆ

ಎದ್ದು ನೋಡಿದರೆ ಕೀಲಿ ನನ್ನ ಏಪ್ರನ್ ಮೇಲೆ ಇದೆ. ಇವರೇ ಇಟ್ಟಿದ್ದು. ಗಾಜೂ ಒರೆಸಿದ್ದಾರೆ, ಒದ್ದೆ ಬಟ್ಟೆ ಕಂಪೌಂಡಿನ ಮೇಲೆ ಒಣಗುತ್ತಿದೆ.

ಚಹಾ ಕುಡಿಯುತ್ತ ಮೆಲ್ಲಗೆ ಕೇಳಿದರು, "ನನ್ನ ಆಫೀಸಿನ ತನಕ ಬಿಡ್ತೀ ಏನು?" ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಯೋಚನೆ ಮಾಡುವುದೇನಿದೆ, ಸ್ವಲ್ಪ ಕಾಯಲಿ ಅಂತ.

ಈಗ ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ. ಹೋಗಿ ಗಾಡಿಯಲ್ಲಿ ಕುಳಿತೇಬಿಟ್ಟಿದ್ದಾರೆ, ಪಕ್ಕದ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು. ಬಂದೆ ರೀ, ಬಂ—